ಡ್ರ್ಯಾಗನ್ ಹಿಡಿದ ಮುತ್ತನ್ನು ಮೇಲೆ ತಂದವಳು

ಡ್ರ್ಯಾಗನ್ ಟ್ಯಾಟೂ ಕಂಡರೆ ನಾನು ಮೊದಲು ಹುಡುಕುವುದು ಅದರ ಉಗುರುಗಳ ನಡುವೆ ಇರುವ ಸಣ್ಣ ಗುಂಡನ್ನು. ಅದು ಮುತ್ತು. ಚೀನಾದ ಹಳೆಯ ಚಿತ್ರಗಳಲ್ಲಿ ಡ್ರ್ಯಾಗನ್ ಅದರ ಹಿಂದೆ ಓಡುತ್ತಿರುತ್ತದೆ, ಜಪಾನಿನ ಟ್ಯಾಟೂಗಳಲ್ಲಿ ಎಷ್ಟೋ ಸಲ ಕೈಯಲ್ಲೇ ಹಿಡಿದಿರುತ್ತದೆ. ಅರ್ಥ ಕೇಳಿದರೆ ಜ್ಞಾನ, ಶುದ್ಧತೆ, ಚಂದ್ರ ಅಂತ ಪಟ್ಟಿ ಸಿಗುತ್ತದೆ. ತಪ್ಪೇನಿಲ್ಲ. ಆದರೆ ಆ ಪಟ್ಟಿಯಲ್ಲಿ, ಮುತ್ತಿಗಾಗಿ ಉಸಿರು ಕಟ್ಟಿ ಸಮುದ್ರಕ್ಕೆ ಇಳಿದವರು ಯಾರೂ ಇಲ್ಲ.

ಜಪಾನಿನ ಟ್ಯಾಟೂಗಳಲ್ಲಿ ಅಂಥವಳೊಬ್ಬಳು ಇದ್ದಾಳೆ. ತಮಾತೊರಿ. ಕಥೆ ಹೀಗಿದೆ: ನಾರಾದ ಕೊಫುಕುಜಿ ದೇವಸ್ಥಾನಕ್ಕೆಂದು ಚೀನಾದಿಂದ ಬರುತ್ತಿದ್ದ ಅಪರೂಪದ ಮುತ್ತನ್ನು ಶಿದೊ ಕೊಲ್ಲಿಯ ಹತ್ತಿರ ಸಮುದ್ರದ ಡ್ರ್ಯಾಗನ್ ರಾಜ ಕದ್ದುಬಿಡುತ್ತಾನೆ. ಅದನ್ನು ಹುಡುಕಿಕೊಂಡು ಬಂದ ಫುಜಿವಾರಾ ಮನೆತನದ ಫುಹಿತೊ ಅಲ್ಲಿಯ ಒಬ್ಬ ಅಮಾಳನ್ನು, ಅಂದರೆ ಮುಳುಗಿ ಚಿಪ್ಪು ಆರಿಸುವ ಹೆಣ್ಣುಮಗಳನ್ನು, ಮದುವೆಯಾಗುತ್ತಾನೆ. ಗಂಡು ಮಗುವಾಗುತ್ತದೆ. 'ನನ್ನ ಮಗನಿಗೆ ನಿಮ್ಮ ಮನೆತನದ ಹಕ್ಕು ಕೊಡುವುದಾದರೆ ಮುತ್ತು ತಂದುಕೊಡುತ್ತೇನೆ' ಅನ್ನುತ್ತಾಳೆ ಅವಳು. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಚೂರಿ ಹಿಡಿದು ಇಳಿಯುತ್ತಾಳೆ. ಮುತ್ತು ಸಿಗುತ್ತದೆ, ಡ್ರ್ಯಾಗನ್‌ಗಳು ಬೆನ್ನಟ್ಟುತ್ತವೆ. ಆಗ ಅವಳು ತನ್ನ ಎದೆಯನ್ನೇ ಸೀಳಿ, ಮುತ್ತನ್ನು ಒಳಗಿಟ್ಟು, ಹಗ್ಗ ಜಗ್ಗುತ್ತಾಳೆ. ಮೇಲೆ ಬಂದಾಗ ಮುತ್ತು ಉಳಿದಿರುತ್ತದೆ, ಅವಳು ಉಳಿಯುವುದಿಲ್ಲ.

ಜಪಾನಿನ ಚಿತ್ರಕಾರ ಕುನಿಯೋಶಿ ಈ ಬೆನ್ನಟ್ಟುವಿಕೆಯನ್ನು ಮರದಚ್ಚಿನ ಚಿತ್ರಗಳಲ್ಲಿ ತಂದ. 1827ರ ಸುಮಾರಿಗೆ ಮೈತುಂಬಾ ಹಚ್ಚೆಯ ವೀರರನ್ನು ಬಿಡಿಸಿ ಎದೊ (ಇಂದಿನ ಟೋಕಿಯೊ) ಊರಿಗೇ ಟ್ಯಾಟೂ ಹುಚ್ಚು ಹಿಡಿಸಿದವನೂ ಅವನೇ. 1872ರಲ್ಲಿ ಸರ್ಕಾರ ಟ್ಯಾಟೂ ನಿಷೇಧಿಸಿತು, 1948ರವರೆಗೂ ತೆಗೆಯಲಿಲ್ಲ. ಆದರೂ ತಮಾತೊರಿ ಮರೆಯಾಗಲಿಲ್ಲ. ಇವತ್ತಿಗೂ ಜನ ಅವಳನ್ನು ಬೆನ್ನ ಮೇಲೆ ಬರೆಸಿಕೊಳ್ಳುತ್ತಾರೆ.

ಈ ಕಥೆ ನನ್ನನ್ನು ಇಷ್ಟು ಹಿಡಿದುಕೊಳ್ಳಲು ಇನ್ನೊಂದು ಕಾರಣ ಇದೆ. ಮುತ್ತು ಹುಟ್ಟುವುದೇ ಗಾಯದಿಂದ. ಸ್ವಾತಿ ಮಳೆಯ ಹನಿ ಚಿಪ್ಪಿಗೆ ಬಿದ್ದರೆ ಮುತ್ತಾಗುತ್ತದೆ ಅಂತ ನಮ್ಮಲ್ಲಿ ನಂಬಿದ್ದರು. ರೋಮಿನ ಪ್ಲಿನಿ ಇಬ್ಬನಿಯಿಂದ ಅಂತ ಬರೆದ. ಎಷ್ಟು ದೂರದ ಜನ, ಎಷ್ಟು ಹತ್ತಿರದ ಕಲ್ಪನೆ ಅಲ್ವಾ! ನಿಜದಲ್ಲಿ ಯಾವುದೋ ಪರಾವಲಂಬಿ ಜೀವಿ ಒಳಗೆ ಸೇರಿದಾಗ ಅಥವಾ ಮೈಯ ಪದರಕ್ಕೆ ಪೆಟ್ಟಾದಾಗ, ಆ ಜಾಗದ ಸುತ್ತ ಚಿಪ್ಪಿನ ಜೀವಿ ಪದರದ ಮೇಲೆ ಪದರ ಕಟ್ಟುತ್ತಾ ಹೋಗುತ್ತದೆ. ಮಾಂಸದ ಗಾಯದಲ್ಲಿ ಬೆಳೆದದ್ದನ್ನು ಅವಳು ಮತ್ತೆ ಮಾಂಸದ ಗಾಯದಲ್ಲೇ ಬಚ್ಚಿಟ್ಟಳು. ಅದನ್ನು ಮತ್ತೊಬ್ಬರು ಸೂಜಿಯಿಂದ ಚುಚ್ಚಿಸಿಕೊಂಡು ಚರ್ಮದೊಳಗೆ ಇಟ್ಟುಕೊಳ್ಳುತ್ತಾರೆ. ಸುಮ್ನೆ 'ಶುದ್ಧತೆಯ ಸಂಕೇತ' ಅಂದರೆ ಇದೆಲ್ಲಾ ಬಿಟ್ಟೇಹೋಗುತ್ತದೆ.

ಹಗ್ಗವೂ ಬರೀ ಕಥೆಯದಲ್ಲ. ನಮ್ಮ ಮನ್ನಾರ್ ಕೊಲ್ಲಿಯಲ್ಲಿ ಮುತ್ತಿಗಾಗಿ ಮುಳುಗುತ್ತಿದ್ದವರು ಕಲ್ಲಿನ ಭಾರದ ಜೊತೆ ಕೆಳಗಿಳಿಯುತ್ತಿದ್ದರು. ಹಗ್ಗದ ಇನ್ನೊಂದು ತುದಿ ದೋಣಿಯಲ್ಲಿದ್ದವನ ಕೈಯಲ್ಲಿ. ಅವನು ಸ್ವಲ್ಪ ತಡ ಮಾಡಿದರೂ ಕೆಳಗಿದ್ದವನ ಜೀವಕ್ಕೆ ಅಪಾಯ. ಅಬುಧಾಬಿಯ ಮರಾವಾ ದ್ವೀಪದಲ್ಲಿ ಸಿಕ್ಕ ಮುತ್ತು ಸುಮಾರು 8,000 ವರ್ಷ ಹಳೆಯದು. ಅಷ್ಟು ಹಿಂದಿನಿಂದಲೂ ಮನುಷ್ಯರು ಚಿಪ್ಪು ಬಿಡಿಸುತ್ತಾ ಬಂದಿದ್ದಾರೆ. ಅವರಲ್ಲಿ ಹೆಸರು ಉಳಿದವರು ತುಂಬಾ ಕಮ್ಮಿ.

ಜಪಾನಿನ ಶಿಕೊಕು ದ್ವೀಪದ 88 ದೇವಸ್ಥಾನಗಳ ಯಾತ್ರೆಯಲ್ಲಿ 86ನೆಯದು ಶಿದೊಜಿ. ಅಲ್ಲಿ ಈ ಅಮಾಳದು ಅಂತ ಹೇಳುವ ಸಮಾಧಿ ಇದೆ.

ಡ್ರ್ಯಾಗನ್ ಹಾಕಿಸಿಕೊಳ್ಳಬೇಕು ಅಂತ ಇರುವವರು ನಿಮ್ಮ ಕಲಾವಿದರ ಹತ್ತಿರ ತಮಾತೊರಿಯ ಬಗ್ಗೆಯೂ ಒಮ್ಮೆ ಮಾತಾಡಿ. ತೋಳಿನಲ್ಲಿ ಅವಳು, ಅಲೆ, ಹಗ್ಗ ಎಲ್ಲಾ ಹಿಡಿಸುವುದು ಕಷ್ಟ. ಇಡೀ ಬೆನ್ನು ಬೇಕು.