ಅಗ್ರೀ ಒತ್ತುವ ಮೊದಲು ಚುಕ್ಕೆ ಎಣಿಸಿ

ಸಂಶೋಧನೆ ಮಾಡುತ್ತಿದ್ದ ವಿದ್ಯಾರ್ಥಿಯೊಬ್ಬರಿಂದ ಒಂದು ಮೇಲ್ ಬಂತು. ಎರಡೇ ಸಾಲು. "ಸರ್, ಈ ದಾಖಲೆಯಲ್ಲಿ ಪ್ಲೇನ್ ಟೈಗರ್ ಅಂತ ಇದೆ, ನೀವೂ ಒಪ್ಪಿದ್ದೀರಿ. ಹಿಂದಿನ ರೆಕ್ಕೆಯಲ್ಲಿ ಕಪ್ಪು ಚುಕ್ಕೆ ಒಂದೇ ಕಾಣ್ತಿದೆ, ದಯವಿಟ್ಟು ಇನ್ನೊಮ್ಮೆ ನೋಡ್ತೀರಾ?"

ಜನ ಫೋನಿನಲ್ಲಿ ತೆಗೆದು ಐನ್ಯಾಚುರಲಿಸ್ಟ್ ಆ್ಯಪ್‌ಗೆ ಹಾಕುವ ಹಕ್ಕಿ, ಹುಳ, ಕಪ್ಪೆ, ಗಿಡಗಳ ಫೋಟೊ ನೋಡಿ ಹೆಸರು ಸರಿಯಿದೆಯಾ ಅಂತ ಪರಿಶೀಲಿಸುವ ತಂಡದಲ್ಲಿ ನನ್ನ ಕೆಲಸ. ಚಿಟ್ಟೆಗಳ ಪಾಲು ನನ್ನದು. ಪ್ಲೇನ್ ಟೈಗರ್ ಅಂದರೆ ದಿನಕ್ಕೆ ಎಷ್ಟೋ ಸಲ ಕಣ್ಣಿಗೆ ಬೀಳುವ ಚಿಟ್ಟೆ. ಕಿತ್ತಳೆ ರೆಕ್ಕೆ, ಕಪ್ಪು ಅಂಚು, ಮುಂದಿನ ರೆಕ್ಕೆಯ ತುದಿಯಲ್ಲಿ ಓರೆಯಾಗಿ ಬಿಳಿ ಪಟ್ಟೆ. ಇದರಲ್ಲಿ ತಪ್ಪಾಗುವುದಕ್ಕೆ ಏನಿದೆ ಅಂದುಕೊಂಡೇ ಫೋಟೊ ತೆರೆದು ದೊಡ್ಡದು ಮಾಡಿದೆ.

ಚುಕ್ಕೆ ಒಂದೇ ಇತ್ತು.

ಪ್ಲೇನ್ ಟೈಗರ್‌ನ ಹಿಂದಿನ ರೆಕ್ಕೆಯ ನಡುಭಾಗದಲ್ಲಿ ಮೂರು ಕಪ್ಪು ಚುಕ್ಕೆ ಇರುತ್ತವೆ, ಗಂಡಾದರೆ ಇನ್ನೊಂದು ಜಾಸ್ತಿ. ಅದರ ಹಾಗೇ ಕಾಣುವ ಇನ್ನೊಂದು ಚಿಟ್ಟೆ ಇದೆ, ಡಾನಾಯ್ಡ್ ಎಗ್‌ಫ್ಲೈ. ಅದರ ಗಂಡು ಕಪ್ಪು, ಮೈಮೇಲೆ ನೇರಳೆ ಅಂಚಿನ ದೊಡ್ಡ ಬಿಳಿ ಮಚ್ಚೆಗಳು, ಗೊಂದಲವೇ ಇಲ್ಲ. ಹೆಣ್ಣು ಮಾತ್ರ ಪ್ಲೇನ್ ಟೈಗರ್‌ನ ವೇಷ ಹಾಕಿಕೊಂಡಿರುತ್ತದೆ, ಆದರೆ ಅದರ ಹಿಂದಿನ ರೆಕ್ಕೆಯಲ್ಲಿ ಕಪ್ಪು ಚುಕ್ಕೆ ಒಂದೇ. ಪ್ಲೇನ್ ಟೈಗರ್‌ನ ಮರಿ ಎಕ್ಕದಂಥ ಹಾಲು ಸೋರುವ ಗಿಡ ತಿಂದು ಬೆಳೆಯುವುದರಿಂದ ಅದರ ಮೈಯಲ್ಲಿ ವಿಷ ಉಳಿದಿರುತ್ತದೆ, ಒಮ್ಮೆ ಬಾಯಿಗೆ ಹಾಕಿಕೊಂಡ ಹಕ್ಕಿ ಮತ್ತೆ ಆ ಬಣ್ಣದ ತಂಟೆಗೆ ಬರುವುದಿಲ್ಲ. ಎಗ್‌ಫ್ಲೈ ಹೆಣ್ಣಿಗೆ ವಿಷ ಇಲ್ಲ, ಬಣ್ಣ ಅಷ್ಟೇ ಇದೆ. ಇಂಥ ವೇಷವನ್ನು ಅಮೆಜಾನ್ ಕಾಡಿನ ಚಿಟ್ಟೆಗಳನ್ನು ನೋಡಿ ನಿಸರ್ಗ ವಿಜ್ಞಾನಿ ಹೆನ್ರಿ ವಾಲ್ಟರ್ ಬೇಟ್ಸ್ 1862ರಲ್ಲೇ ವಿವರಿಸಿದ್ದರು. ಇದೆಲ್ಲ ನನಗೆ ಗೊತ್ತಿತ್ತು. ಯಾರಾದರೂ ಕೇಳಿದ್ದರೆ ನಿದ್ದೆಯಲ್ಲೂ ಹೇಳುತ್ತಿದ್ದೆ. ಆದರೂ ಆ ದಿನ ನಾನು ನೋಡಿರಲಿಲ್ಲ.

ಹೇಗಾಯಿತು ಅಂತ ಯೋಚಿಸಿದಾಗ ಅರ್ಥವಾದದ್ದು ಇದು. ಫೋಟೊ ಹಾಕಿದ ಕೂಡಲೇ ಆ್ಯಪ್ ತಾನೇ ಕೆಲವು ಹೆಸರು ಸೂಚಿಸುತ್ತದೆ, 2017ರಿಂದ ಈ ಸೌಲಭ್ಯ ಇದೆ. ಫೋಟೊ ತೆಗೆದವರು ಮೊದಲ ಹೆಸರನ್ನೇ ಒತ್ತುತ್ತಾರೆ. ಆಮೇಲೆ ಅದು ನನ್ನ ಮುಂದೆ ಬರುತ್ತದೆ, ಹೆಸರಿನ ಸಮೇತ. ನೂರಾರು ದಾಖಲೆ ಬಾಕಿ ಇರುವಾಗ ನಾನು ಮೊದಲು ಓದುವುದು ಹೆಸರು, ಆಮೇಲೆ ನೋಡುವುದು ಚಿತ್ರ. ಪ್ಲೇನ್ ಟೈಗರ್ ಅಂತ ಓದಿದ ಕಣ್ಣಿಗೆ ಕಿತ್ತಳೆ ರೆಕ್ಕೆ ಕಂಡರೆ ಸಾಕು, ಬೆರಳು "ಒಪ್ಪಿದೆ" ಅನ್ನುವ ಅಗ್ರೀ ಬಟನ್ ಒತ್ತಿ ಮುಂದಕ್ಕೆ ಹೋಗಿರುತ್ತದೆ.

ಆ ಅಗ್ರೀ ಸಣ್ಣದಲ್ಲ. ದಿನಾಂಕ, ಜಾಗ, ಫೋಟೊ ಇರುವ ಕಾಡು ಜೀವಿಯ ದಾಖಲೆಗೆ ಎರಡನೆಯವರೊಬ್ಬರು ಅದೇ ಪ್ರಭೇದದ ಹೆಸರು ಹೇಳಿದರೆ ಅದು ರಿಸರ್ಚ್ ಗ್ರೇಡ್, ಅಂದರೆ ಸಂಶೋಧನೆಗೆ ಬಳಸಬಹುದಾದ ದಾಖಲೆ ಆಗುತ್ತದೆ. ಫೋಟೊ ಹಾಕಿದವರು ಆರಿಸಿದ ಲೈಸೆನ್ಸ್ ಅವಕಾಶ ಕೊಟ್ಟರೆ ಅಲ್ಲಿಂದ ಜಿಬಿಐಎಫ್‌ಗೆ ಹೋಗುತ್ತದೆ. ಅದು 2001ರಲ್ಲಿ ಶುರುವಾದ ಜಾಗತಿಕ ದಾಖಲೆ ಜಾಲ, ಕಚೇರಿ ಕೋಪನ್‌ಹೇಗನ್‌ನಲ್ಲಿದೆ. ಯಾವ ಜೀವಿ ಎಲ್ಲಿದೆ, ಎಲ್ಲಿಂದ ಕಾಣೆಯಾಗುತ್ತಿದೆ ಅಂತ ನಕ್ಷೆ ಮಾಡುವವರು ಅಲ್ಲಿಂದಲೇ ದಾಖಲೆ ಇಳಿಸಿಕೊಳ್ಳುತ್ತಾರೆ. ಅವರು ಒಂದೊಂದೇ ಫೋಟೊ ತೆರೆದು ನೋಡುವುದಿಲ್ಲ, ನೋಡಲು ಸಾಧ್ಯವೂ ಇಲ್ಲ. ಯಾರೋ ನೋಡಿದ್ದಾರೆ ಅಂತ ನಂಬುತ್ತಾರೆ. ಇಲ್ಲಿ ಆ ಯಾರೋ ನಾನೇ.

ಅದಕ್ಕಿಂತ ಚಿಂತೆ ಹುಟ್ಟಿಸಿದ್ದು ಇನ್ನೊಂದು. ಆ್ಯಪ್‌ನ ಕಂಪ್ಯೂಟರ್ ಹೆಸರು ಕಲಿಯುವುದು ಜನ ಗುರುತಿಸಿದ ಫೋಟೊಗಳಿಂದಲೇ. ಅಂದರೆ ಕಂಪ್ಯೂಟರ್ ಊಹಿಸಿದ ಹೆಸರನ್ನು ನಾನು ನೋಡದೆ ಒಪ್ಪಿದರೆ, ನಾಳೆ ಅದೇ ಫೋಟೊ ಅದಕ್ಕೆ ಪಾಠವಾಗಿ ವಾಪಸ್ ಹೋಗಬಹುದು. ಹೊರಗೆ ನೋಡಿದರೆ ಇಬ್ಬರು ಒಪ್ಪಿದ ಹಾಗೆ ಕಾಣುತ್ತದೆ, ಒಳಗೆ ಒಬ್ಬರೂ ನೋಡಿರುವುದಿಲ್ಲ.

ಆ ವಾರ ನಾನು ಒಪ್ಪಿದ್ದ ಪ್ಲೇನ್ ಟೈಗರ್‌ಗಳನ್ನೆಲ್ಲ ಮತ್ತೆ ತೆರೆದೆ. ಬಹುಪಾಲು ಸರಿ ಇದ್ದವು. ಕೆಲವು ಎಗ್‌ಫ್ಲೈ ಹೆಣ್ಣು. ಇನ್ನು ಕೆಲವು ಯಾವುದು ಅಂತ ಹೇಳುವುದಕ್ಕೇ ಆಗದಂಥವು, ರೆಕ್ಕೆ ಮಡಚಿ ದೂರದಲ್ಲಿ ಕೂತ ಮಸುಕು ಚಿತ್ರಗಳು. ಅವಕ್ಕೂ ಒಪ್ಪಿದ್ದೆನಲ್ಲ, ಅದು ತಪ್ಪು ಹೆಸರಿಗಿಂತ ಜಾಸ್ತಿ ಚುಚ್ಚಿತು.

ಸರಿಪಡಿಸಲು ಕೂತಾಗ ಲೆಕ್ಕ ಗೊತ್ತಾಯಿತು. ಒಂದು ಹೆಸರು ನಿಲ್ಲಬೇಕಾದರೆ ಗುರುತಿಸಿದವರಲ್ಲಿ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಜನ ಅದನ್ನು ಒಪ್ಪಬೇಕು. ಫೋಟೊ ಹಾಕಿದವರು ಆ್ಯಪ್ ತೆರೆಯುವುದನ್ನೇ ಬಿಟ್ಟಿದ್ದರೆ ಅವರ ತಪ್ಪು ಹೆಸರು ಹಾಗೇ ಉಳಿಯುತ್ತದೆ. ನಾನು ನನ್ನದನ್ನು ಬದಲಿಸಿ ಇನ್ನೊಬ್ಬರು ಜೊತೆಗೂಡಿದರೂ ಸರಿಯಾಗಿ ಮೂರರಲ್ಲಿ ಎರಡು, ಅದಕ್ಕಿಂತ ಹೆಚ್ಚಲ್ಲ. ಮೂರನೆಯವರೊಬ್ಬರು ಬರಬೇಕು. ಅಲ್ಲಿವರೆಗೆ ದಾಖಲೆ ಎರಡೂ ಚಿಟ್ಟೆ ಸೇರುವ ನಿಂಫಾಲಿಡೇ ಕುಟುಂಬದ ಹೆಸರಿನಲ್ಲಿ ಕಾಯುತ್ತದೆ. ತಪ್ಪು ಮಾಡುವುದಕ್ಕೆ ಇಬ್ಬರು ಸಾಕಾಗಿತ್ತು, ತಿದ್ದುವುದಕ್ಕೆ ಮೂವರು ಬೇಕು.

ಹಾಗೆ ತಿದ್ದುತ್ತಿರುವಾಗ ಒಬ್ಬ ಹಿರಿಯ ಮಹಿಳೆಯ ದಾಖಲೆಗಳು ಸಿಕ್ಕವು. ದಿನಾ ಬೆಳಿಗ್ಗೆ ಒಂದೇ ತೋಟದಲ್ಲಿ ಓಡಾಡಿ ಕಂಡದ್ದನ್ನೆಲ್ಲ ಹಾಕುವವರು. ಮೊದಲು ಹಾಕಿದ ಎಗ್‌ಫ್ಲೈ ಫೋಟೊಗೆ ಅವರು ಬರೀ "ಚಿಟ್ಟೆ" ಅಂತ ಬರೆದಿದ್ದರು. ಯಾರೋ ಪ್ಲೇನ್ ಟೈಗರ್ ಅಂದರು, ನಾನು ಅಗ್ರೀ ಒತ್ತಿದೆ. ಅಲ್ಲಿಂದ ಮುಂದೆ ಅವರು ಪ್ರತಿ ಎಗ್‌ಫ್ಲೈ ಹೆಣ್ಣಿಗೂ ತಾವೇ ಪ್ಲೇನ್ ಟೈಗರ್ ಅಂತ ಬರೆಯತೊಡಗಿದ್ದರು. ನಾನು ಕ್ಷಮೆ ಕೇಳಿ ವಿವರಿಸಿದೆ. ಉತ್ತರ ಬಂತು: "ನೀವು ಒಪ್ಪಿದ್ದು ನೋಡಿ ನಾನು ಅದನ್ನೇ ಕಲಿತೆ ಸರ್. ಪರವಾಗಿಲ್ಲ, ಎಲ್ಲಿ ನೋಡಬೇಕು ಅಂತ ಹೇಳಿಕೊಡಿ." ಚುಕ್ಕೆಯ ಜಾಗಕ್ಕೆ ಬಾಣದ ಗುರುತು ಹಾಕಿ ಎರಡು ಫೋಟೊ ಪಕ್ಕಪಕ್ಕ ಇಟ್ಟು ಕಳಿಸಿದೆ. ನನ್ನ ಒಂದು ಬಟನ್ ಯಾರಿಗೋ ಪಾಠವಾಗುತ್ತದೆ ಅಂತ ಅಷ್ಟು ದಿನ ನನಗೆ ಹೊಳೆದೇ ಇರಲಿಲ್ಲ.

ಈಗ ನನ್ನ ಕ್ರಮ ಬೇರೆ. ಹೆಸರು ಕಾಣದ ಹಾಗೆ ಮೊದಲು ಫೋಟೊವನ್ನು ಪರದೆ ತುಂಬಾ ತೆರೆಯುತ್ತೇನೆ. ಏನು ಕಾಣುತ್ತಿದೆ ಅಂತ ಮನಸ್ಸಿನಲ್ಲೇ ಹೇಳಿಕೊಳ್ಳುತ್ತೇನೆ. ಆಮೇಲೆ ಹೆಸರು. ನಿಧಾನ ಆಗುತ್ತದೆ, ಬಾಕಿ ಬೆಳೆಯುತ್ತದೆ, ಅದಕ್ಕೆ ಮೇಲಿನವರ ಹತ್ತಿರ ಮಾತಾಡಿ ಸಮಯ ಕೇಳಿಕೊಂಡೆ. ಪ್ರಭೇದ ಹೇಳಲು ಆಗದಿದ್ದರೆ ಕುಲಕ್ಕೋ ಕುಟುಂಬಕ್ಕೋ ನಿಲ್ಲಿಸುತ್ತೇನೆ. ಕೆಲವರಿಗೆ ಇದರಿಂದ ಬೇಜಾರಾಗುತ್ತದೆ, ತಮ್ಮ ಫೋಟೊ ಚೆನ್ನಾಗಿಲ್ಲ ಅಂದ ಹಾಗೆ ಅನ್ನಿಸುತ್ತದೆ. ಹಾಗಲ್ಲ. "ಇದು ಈ ಕುಟುಂಬದ ಚಿಟ್ಟೆ, ಇಂಥ ದಿನ ಇಂಥಲ್ಲಿ ಇತ್ತು" ಅನ್ನುವುದೂ ನಿಜವಾದ ದಾಖಲೆಯೇ.

ಅಪರೂಪದ ಜೀವಿಯಾದರೆ ಹೆಸರಿಗೆ ಇನ್ನೂ ಒಂದು ಹೊರೆ ಇದೆ. ಅಪಾಯದಲ್ಲಿರುವ ಪ್ರಭೇದ ಅಂತ ಗುರುತಾಗಿದ್ದರೆ ಆ್ಯಪ್ ತಾನೇ ಜಾಗವನ್ನು ಮರೆಮಾಡಿ, 0.2 ಡಿಗ್ರಿ ಚೌಕದೊಳಗೆ ಎಲ್ಲೋ ಒಂದು ಕಡೆ ತೋರಿಸುತ್ತದೆ. ಭೂಮಧ್ಯರೇಖೆಯ ಹತ್ತಿರ ಆ ಚೌಕದ ಒಂದೊಂದು ಬದಿ ಸುಮಾರು 22 ಕಿಲೋಮೀಟರ್. ಆದರೆ ಅದೇ ಜೀವಿಗೆ ಯಾವುದೋ ಸಾಮಾನ್ಯ ಪ್ರಭೇದದ ಹೆಸರು ಬಿದ್ದಿದ್ದರೆ ಆ ರಕ್ಷಣೆ ಸಿಗುವುದಿಲ್ಲ. ಹಿಡಿದು ಮಾರುವವರಿಗೂ ನಕ್ಷೆ ಓದಲು ಬರುತ್ತದೆ. ಗೂಡು, ಬಿಲ ಕಂಡರೆ ಹೆಸರಿಗೆ ಕಾಯದೆ ನೀವೇ ಜಾಗ ಮರೆಮಾಡುವ ಆಯ್ಕೆ ಒತ್ತಿ.

ಫೋಟೊ ಹಾಕುವವರ ಹತ್ತಿರ ನಾನು ಕೇಳುವುದು ದೊಡ್ಡದೇನಲ್ಲ. ಒಂದರ ಬದಲು ಮೂರು ನಾಲ್ಕು ಫೋಟೊ ಹಾಕಿ, ಚಿಟ್ಟೆಯಾದರೆ ರೆಕ್ಕೆಯ ಮೇಲ್ಭಾಗ ಮತ್ತು ಕೆಳಭಾಗ, ಅಣಬೆಯಾದರೆ ಕೊಡೆಯ ಅಡಿ, ಗಿಡವಾದರೆ ಹೂವಿನ ಜೊತೆ ಎಲೆಯೂ ಇರಲಿ. ತೋಟದಲ್ಲಿ ನೆಟ್ಟ ಗಿಡ, ಸಾಕಿದ ಪ್ರಾಣಿ ಆದರೆ ಹಾಗಂತ ಹೇಳಿಬಿಡಿ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಫೋಟೊವನ್ನು ಇಳಿಸಿ ಹಾಕುವುದಾದರೆ ತುಂಬಾ ಜೋಪಾನ: ಸಾಮಾನ್ಯವಾಗಿ ಕಳಿಸಿದ ಫೋಟೊದಲ್ಲಿ ತೆಗೆದ ದಿನ, ಜಾಗದ ಮಾಹಿತಿ ಕಳಚಿ ಹೋಗಿರುತ್ತದೆ. ಕಾಡಿನಲ್ಲಿ ಕಂಡ ಕಪ್ಪೆ ನಿಮ್ಮ ಮನೆಯ ಸೋಫಾ ಮೇಲೆ ದಾಖಲಾಗುವುದು ಹೀಗೆ, ಅಂಥವು ನನ್ನ ಮುಂದೆ ಬರುತ್ತಲೇ ಇರುತ್ತವೆ. ಮೂಲ ಫೋಟೊವನ್ನು ಡಾಕ್ಯುಮೆಂಟ್ ಆಗಿ ಕಳಿಸಿಕೊಂಡರೆ ಆ ಮಾಹಿತಿ ಉಳಿಯುತ್ತದೆ. ಮತ್ತೆ, ಗೊತ್ತಿಲ್ಲದಿದ್ದರೆ ಸುಮ್ನೆ "ಚಿಟ್ಟೆ" ಅಂತಲೇ ಬರೆಯಿರಿ, ಆ ಹಿರಿಯರು ಮೊದಲು ಬರೆದ ಹಾಗೆ. ಆ ತೋಟದ ಎಲ್ಲ ಹೆಸರುಗಳಲ್ಲಿ ಅದೊಂದೇ ಮೊದಲ ದಿನದಿಂದ ಸರಿಯಾಗಿತ್ತು.

ವಿದ್ಯಾರ್ಥಿ ತೋರಿಸಿದ ದಾಖಲೆ ಮಾತ್ರ ಇನ್ನೂ ನಿಂಫಾಲಿಡೇ ಅಂತಲೇ ಇದೆ. ಅದನ್ನು ಹಾಕಿದವರು ಆ್ಯಪ್‌ಗೆ ಬರುತ್ತಿಲ್ಲ. ನಾನು ಬದಲಿಸಿದ್ದೇನೆ, ವಿದ್ಯಾರ್ಥಿಯೂ ಎಗ್‌ಫ್ಲೈ ಅಂತ ಹೇಳಿದ್ದಾರೆ, ಮೂರನೆಯವರು ಬೇಕು. ಸಹೋದ್ಯೋಗಿಯೊಬ್ಬರು ನಿನ್ನೆ "ಲಿಂಕ್ ಕೊಡಿ, ಒತ್ತಿಬಿಡ್ತೀನಿ" ಅಂದರು. ಲಿಂಕ್ ಕೊಟ್ಟಿದ್ದೇನೆ. ಮೊದಲು ಹಿಂದಿನ ರೆಕ್ಕೆ ದೊಡ್ಡದು ಮಾಡಿ ಚುಕ್ಕೆ ಎಣಿಸಿ, ನನ್ನ ಹೆಸರು ನೋಡಿ ಒತ್ತಬೇಡಿ ಅಂತ ಜೊತೆಗೆ ಬರೆದಿದ್ದೇನೆ.