‘ಅಷ್ಟು ಸಣ್ಣ ಗುಂಡು ಸಾಕೇ?’: ಕೇಳುವ ಎಲ್ಲರಿಗೂ ನನ್ನ ಉತ್ತರ

ಸ್ಕಾಟ್‌ಲೆಂಡಿನಲ್ಲಿ ರೋ ಜಿಂಕೆಯ ಬೇಟೆಗೆ ನಾನು .223 ರೆಮಿಂಗ್‌ಟನ್ ಎಂಬ, ಸುಮಾರು 0.22 ಇಂಚು ದಪ್ಪದ ಗುಂಡು ಹಾರಿಸುವ ರೈಫಲನ್ನು, ಅದರಲ್ಲೂ ಮನೆಯಲ್ಲಿ ನಾನೇ ತುಂಬಿದ ತೋಟಾಗಳನ್ನು ಬಳಸುತ್ತೇನೆಂದು ತಿಳಿದವರೆಲ್ಲ ಕೇಳುವುದು ಒಂದೇ ಪ್ರಶ್ನೆ. ಇಲ್ಲಿನ ಬೇಟೆಗಾರರು ಅದನ್ನು ತಲೆಯಾಡಿಸುತ್ತ ಕೇಳುತ್ತಾರೆ. ಸಕಲೇಶಪುರದ ನನ್ನ ಸೋದರಮಾವ ಫೋನಿನಲ್ಲಿ, ‘ಪೆನ್ಸಿಲ್ಲಿಗಿಂತ ತೆಳ್ಳಗಿನ ಗುಂಡಂತಲ್ಲೋ, ಅದಕ್ಕೆ ಜಿಂಕೆ ಬೀಳ್ತದೇನೋ?’ ಎನ್ನುತ್ತಾರೆ. ಮಾವನ ಮೇಲೆ ನನಗೆ ಕೋಪವಿಲ್ಲ; ಅವರು ಕಂಡದ್ದು ಕೇಪಿನ ಕೋವಿ ಮತ್ತು ಚರೆ. ಆದರೆ ರೈಫಲ್ ಹಿಡಿದು ಕಾಡಿಗೆ ಹೋಗುವವರು, ನನ್ನ ಉತ್ತರವನ್ನು ಪೂರ್ತಿ ಕೇಳಿಸಿಕೊಳ್ಳುವ ಮೊದಲೇ, ‘ನಾನಾದರೆ .308 ತೆಗೆದುಕೊಳ್ಳುತ್ತೇನಪ್ಪ’ ಎಂದು ದೊಡ್ಡ ಅಳತೆಯ ರೈಫಲಿನ ಹೆಸರು ಹೇಳಿ ಮಾತು ಮುಗಿಸಿಬಿಡುವುದನ್ನು ಇನ್ನು ಸಹಿಸಲಾರೆ. ಆದ್ದರಿಂದ ಬರೆದೇ ಉತ್ತರಿಸುತ್ತಿದ್ದೇನೆ.

ಸಾಕು. ಸರಿಯಾದ ಗುಂಡನ್ನು ಆರಿಸಿ, ಅದರ ವೇಗವನ್ನು ಅಳೆದು, ಹತ್ತಿರದಿಂದ ಸರಿಯಾದ ಜಾಗಕ್ಕೆ ಹೊಡೆದರೆ ಧಾರಾಳವಾಗಿ ಸಾಕು. ರೋ ಎಂಬುದು ನಮ್ಮ ಚುಕ್ಕೆ ಜಿಂಕೆಯಷ್ಟು ದೊಡ್ಡ ಪ್ರಾಣಿಯಲ್ಲ. ಬೆಳೆದ ಗಂಡು ಇಪ್ಪತ್ತು, ಇಪ್ಪತ್ತೈದು ಕಿಲೋ ತೂಗಬಹುದು. ಗಾತ್ರದಲ್ಲಿ ಅದು ಮಲೆನಾಡಿನ ಕಾಡುಕುರಿಗೆ ಹತ್ತಿರ, ಗಾಬರಿಯಾದರೆ ಅದರಂತೆಯೇ ಬೊಗಳುತ್ತದೆ. ‘ಪಾಪದ ಪ್ರಾಣಿಯನ್ನು ಕೊಲ್ಲುವುದೇಕೆ?’ ಎಂಬ ಇನ್ನೊಂದು ಪ್ರಶ್ನೆಯೂ ಊರಿನಿಂದ ಬರುತ್ತದೆ. ಭಾರತದಲ್ಲಿ 1972ರ ಕಾಯ್ದೆ ಬೇಟೆಯನ್ನು ನಿಷೇಧಿಸಿದೆ, ಅದು ಸರಿಯೂ ಹೌದು. ಇಲ್ಲಿನ ಸ್ಥಿತಿ ಬೇರೆ: ತೋಳ, ಲಿಂಕ್ಸ್ ಎಂಬ ದೊಡ್ಡ ಕಾಡುಬೆಕ್ಕು ಎರಡೂ ಶತಮಾನಗಳ ಹಿಂದೆಯೇ ಅಳಿದುಹೋದ ನಾಡಿನಲ್ಲಿ ಜಿಂಕೆಯ ಸಂಖ್ಯೆಗೆ ಮನುಷ್ಯನ ಹೊರತು ಬೇರೆ ಕಡಿವಾಣವಿಲ್ಲ, ನೆಟ್ಟ ಸಸಿಯ ಚಿಗುರು ಉಳಿಯುವುದಿಲ್ಲ.

ಕಾನೂನು ಏನು ಹೇಳುತ್ತದೆಂಬುದನ್ನು ಮೊದಲು ನೋಡೋಣ. ಸ್ಕಾಟ್‌ಲೆಂಡಿನ 1985ರ ಆದೇಶದ ಪ್ರಕಾರ ರೋ ಜಿಂಕೆಗೆ ಬಳಸುವ ಗುಂಡು ಕನಿಷ್ಠ 50 ಗ್ರೇನ್, ಅಂದರೆ ಸುಮಾರು 3.24 ಗ್ರಾಂ, ತೂಗಬೇಕು. ನಳಿಗೆಯ ಬಾಯಲ್ಲಿ ಅದರ ವೇಗ ಸೆಕೆಂಡಿಗೆ 2450 ಅಡಿಗೂ, ಶಕ್ತಿ 1000 ಅಡಿ-ಪೌಂಡಿಗೂ ಕಡಿಮೆಯಿರಬಾರದು. ಮತ್ತು ಅದು ಪ್ರಾಣಿಯ ದೇಹದೊಳಗೆ ಅರಳುವ ಗುಂಡಾಗಿರಬೇಕು. ಮನೆಯಲ್ಲಿ ತೋಟಾ ತುಂಬುವವರಲ್ಲಿ ಹಲವರು ಇದನ್ನು ಓದುತ್ತಾರೆ, ಆದರೆ ಲೆಕ್ಕ ಹಾಕುವುದಿಲ್ಲ. 50 ಗ್ರೇನಿನ ಗುಂಡು 2450 ಅಡಿ ವೇಗದಲ್ಲಿ ಹೊರಟರೆ ಅದರ ಶಕ್ತಿ 667 ಅಡಿ-ಪೌಂಡು ಮಾತ್ರ. ಸಾವಿರ ಮುಟ್ಟಬೇಕಾದರೆ ಅದೇ ಗುಂಡು 3000 ಅಡಿ ವೇಗದಲ್ಲಿ ಓಡಬೇಕು. 55 ಗ್ರೇನಿಗೆ ಸುಮಾರು 2860 ಅಡಿ, 60 ಗ್ರೇನಿಗೆ ಸುಮಾರು 2740 ಅಡಿ ಸಾಕಾಗುತ್ತದೆ. ಭಾರದ ಗುಂಡನ್ನು ಆರಿಸಿಕೊಂಡವನಿಗೆ ಕಾನೂನಿನ ಗೆರೆ ದಾಟಲು ಮದ್ದನ್ನು ಮಿತಿಯವರೆಗೆ ತುಂಬಬೇಕಾದ ಒತ್ತಡವೇ ಇರುವುದಿಲ್ಲ.

ತೋಟಾ ತುಂಬುವ ಕೈಪಿಡಿಗಳಲ್ಲಿ ಅಚ್ಚಾದ ವೇಗವನ್ನು ನಂಬಿ ಕೂರುವುದು ಇನ್ನೊಂದು ಸಮಸ್ಯೆ. ಆ ಅಂಕಿಗಳು ಬಹುಮಟ್ಟಿಗೆ 24 ಇಂಚಿನ ಪರೀಕ್ಷಾ ನಳಿಗೆಯವು. ಸದ್ದಡಗಿಸುವ ಕೊಳವೆಯನ್ನು ಸೇರಿಸಿದಾಗ ರೈಫಲ್ ಉದ್ದವಾಗುತ್ತದೆಂದು ಇಲ್ಲಿ ಅನೇಕರು ನಳಿಗೆಯನ್ನು 18 ಇಂಚಿಗೆ ಕತ್ತರಿಸಿಕೊಂಡಿರುತ್ತಾರೆ. ಕಳೆದುಕೊಂಡ ಒಂದೊಂದು ಇಂಚಿಗೂ ಸುಮಾರು 25ರಿಂದ 30 ಅಡಿ ವೇಗ ಹೋಗುತ್ತದೆ. ಹೆಣ್ಣು ರೋ ಜಿಂಕೆಯ ಬೇಟೆಯ ಕಾಲ ಅಕ್ಟೋಬರ್ 21ರಿಂದ ಮಾರ್ಚ್ 31ರವರೆಗೆ, ಅಂದರೆ ಹಿಮ ಬೀಳುವ ತಿಂಗಳುಗಳಲ್ಲಿ. ಬೇಸಿಗೆಯಲ್ಲಿ ಅಳೆದ ವೇಗವನ್ನು ಕೆಲವು ಬಗೆಯ ಮದ್ದು ಜನವರಿಯ ಚಳಿಯಲ್ಲಿ ಕೊಡುವುದಿಲ್ಲ. ವೇಗ ಅಳೆಯುವ ಕ್ರೋನೋಗ್ರಾಫ್ ಇಲ್ಲದೆ 50 ಗ್ರೇನಿನ ಗುಂಡನ್ನು ತುಂಬಿ ರೋ ಬೇಟೆಗೆ ಹೋಗುವವನಿಗೆ ತಾನು ಕಾನೂನಿನ ಒಳಗಿದ್ದೇನೋ ಹೊರಗಿದ್ದೇನೋ ತಿಳಿದಿರುವುದಿಲ್ಲ. ಈ ಮಾತನ್ನು ಮುಖಕ್ಕೆ ಹೇಳಿದರೆ ಜನರಿಗೆ ಬೇಸರವಾಗುತ್ತದೆ. ಆಗಲಿ.

ಪರ್ತ್‌ಷೈರಿನ ಒಂದು ಎಸ್ಟೇಟಿನಲ್ಲಿ, ಬೇಟೆಯ ಪ್ರಾಣಿಗಳನ್ನು ಸುಲಿದು ತೂಗುಹಾಕುವ ಕೋಣೆಯಲ್ಲಿ, ಒಬ್ಬರು ಇದೇ ಪ್ರಶ್ನೆಯನ್ನು ತೀರ್ಪಿನಂತೆ ನನ್ನ ಮುಂದಿಟ್ಟರು. ಅವರು ಹೊಡೆದಿದ್ದ ಹೆಣ್ಣು ಜಿಂಕೆ ಏಟು ತಿಂದ ಮೇಲೂ ಸ್ಪ್ರೂಸ್ ಮರಗಳ ದಟ್ಟ ತೋಪಿನೊಳಗೆ ಓಡಿಹೋಗಿ, ನಾಯಿಯೊಂದು ರಕ್ತದ ಜಾಡು ಹಿಡಿದು ಅದನ್ನು ಹುಡುಕಿ, ಎರಡನೆಯ ಈಡಿನಲ್ಲಿ ಸಾಯಿಸಬೇಕಾಗಿ ಬಂದಿತ್ತು. ಚರ್ಮ ಸುಲಿದಾಗ ಮುಂಭುಜದ ಮೇಲೆ ಅಂಗೈಯಗಲದ ಗಾಯ ಕಂಡಿತು. ಮಾಂಸ ಜಜ್ಜಿಹೋಗಿತ್ತು, ಆದರೆ ಶ್ವಾಸಕೋಶದವರೆಗೆ ಹೆಚ್ಚೇನೂ ತಲುಪಿರಲಿಲ್ಲ. ‘ನೋಡಿದಿರಲ್ಲ, .223 ರೋ ಜಿಂಕೆಗೆ ಸಾಲದು. ನೀವು ಅದನ್ನೇ ಬಳಸುತ್ತೀರಲ್ಲವೇ?’ ಎಂದರು. ಅವರ ತೋಟಾ ಪೆಟ್ಟಿಗೆಯನ್ನು ತೋರಿಸುವಂತೆ ಕೇಳಿದೆ. ಅದರಲ್ಲಿದ್ದದ್ದು ನರಿ ಹೊಡೆಯುವ 50 ಗ್ರೇನಿನ ಗುಂಡು: ತೀರ ತೆಳುವಾದ ತಾಮ್ರದ ಹೊದಿಕೆ, ತುದಿಯಲ್ಲಿ ಪ್ಲಾಸ್ಟಿಕ್ ಮೊನೆ. ಸಣ್ಣ ಪ್ರಾಣಿಯ ಮೈ ಮುಟ್ಟುತ್ತಲೇ ಪುಡಿಯಾಗಬೇಕು, ನೆಲಕ್ಕೆ ಬಡಿದರೂ ಪುಟಿದು ಮುಂದೆ ಹೋಗಬಾರದು ಎಂಬ ಉದ್ದೇಶಕ್ಕಾಗಿಯೇ ಅಂಥದ್ದನ್ನು ಮಾಡುತ್ತಾರೆ. ಜಿಂಕೆಯ ಭುಜದ ಮೂಳೆಗೆ ಬಿದ್ದಾಗಲೂ ಅದು ಪುಡಿಯಾಯಿತು. ಪೆಟ್ಟಿಗೆಯ ಮೇಲೆ ಅವರೇ ಬರೆದುಕೊಂಡಿದ್ದ ವೇಗವನ್ನು ನಂಬುವುದಾದರೆ ತೂಕ, ವೇಗ, ಶಕ್ತಿ ಎಲ್ಲವೂ ಕಾನೂನಿನ ಅಳತೆಗೆ ಸರಿಯಾಗಿದ್ದವು. ಒಂದು ಪ್ರಾಣಿ ಮಾತ್ರ ಅನಗತ್ಯವಾಗಿ ನರಳಿತ್ತು. ಇದೇ ಅಳತೆಯ ರೈಫಲಿಗೆ ಬೇರೆ ಗುಂಡು ತುಂಬಿದ್ದರೆ ಹೀಗಾಗುತ್ತಿರಲಿಲ್ಲವೆಂದು ನಾನು ಹೇಳಿದಾಗ ಅವರು ಕೇಳಿಸಿಕೊಳ್ಳಲಿಲ್ಲ. ಮುಂದಿನ ವಾರ ದೊಡ್ಡ ಅಳತೆಯ ರೈಫಲ್ ಕೊಂಡರು. ಅದಕ್ಕೆ ಯಾವ ಗುಂಡು ಹಾಕಿದರೆಂದು ನಾನು ಕೇಳಲಿಲ್ಲ.

ಆದ್ದರಿಂದ ನನ್ನನ್ನು ಕೇಳುವುದಾದರೆ, ಗುಂಡು ಎಷ್ಟು ದಪ್ಪ ಎಂದು ಕೇಳುವ ಮೊದಲು ಅದು ಒಳಗೆ ಹೋದ ಮೇಲೆ ಏನಾಗುತ್ತದೆ ಎಂದು ಕೇಳಿ. ನಾನು ತುಂಬುವುದು 60 ಗ್ರೇನಿನ, ಸೀಸದ ಮೊನೆ ಹೊರಗೆ ಕಾಣುವ, ದಪ್ಪ ಹೊದಿಕೆಯ ಗುಂಡು. ನನ್ನ 20 ಇಂಚಿನ ನಳಿಗೆಯಿಂದ ಅದು 2850 ಅಡಿ ಆಸುಪಾಸಿನಲ್ಲಿ ಹೊರಡುತ್ತದೆ, ಶಕ್ತಿ ಸುಮಾರು 1080 ಅಡಿ-ಪೌಂಡು. ಪಕ್ಕೆಲುಬಿನ ನಡುವೆ ಹೊಕ್ಕು, ನಿಧಾನವಾಗಿ ಅರಳಿ, ಎರಡೂ ಶ್ವಾಸಕೋಶಗಳನ್ನು ದಾಟಿ, ಸಾಮಾನ್ಯವಾಗಿ ಆಚೆ ಬದಿಯಿಂದ ಹೊರಬೀಳುತ್ತದೆ. ಹೊರಬಿದ್ದ ತೂತಿನಿಂದ ರಕ್ತದ ಜಾಡು ಸಿಗುತ್ತದೆ. ಹಿನ್ನೂಕು ಕಡಿಮೆಯಾದ್ದರಿಂದ ಗುಂಡು ತಗಲಿದ ಕ್ಷಣದಲ್ಲಿ ಪ್ರಾಣಿ ಹೇಗೆ ವರ್ತಿಸಿತೆಂಬುದು ರೈಫಲಿನ ಮೇಲಿನ ದುರ್ಬೀನಿನಲ್ಲೇ ಕಾಣುತ್ತದೆ. ನನ್ನ ಮಟ್ಟಿಗೆ ಸಣ್ಣ ಅಳತೆಯ ಬಹುದೊಡ್ಡ ಲಾಭ ಅದೇ, ಏಕೆಂದರೆ ಮುಂದೆ ಜಾಡು ಹುಡುಕುವ ಕೆಲಸವೆಲ್ಲ ಆ ಒಂದು ನೋಟದ ಮೇಲೆ ನಿಂತಿರುತ್ತದೆ.

ಮಾಂಸದಲ್ಲಿ ಸೀಸದ ಚೂರು ಉಳಿಯುತ್ತದೆಂಬ ಕಾರಣಕ್ಕೆ ಈಗ ಪೂರ್ತಿ ತಾಮ್ರದ ಗುಂಡಿಗೆ ಬದಲಾಗುವವರು ಹೆಚ್ಚುತ್ತಿದ್ದಾರೆ, ಅದನ್ನು ನಾನು ಮನಸಾರೆ ಒಪ್ಪುತ್ತೇನೆ. ಆದರೆ ತಾಮ್ರ ಸೀಸಕ್ಕಿಂತ ಹಗುರವಾದ ಲೋಹ. ಅಷ್ಟೇ ತೂಕದ ಗುಂಡು ಇನ್ನಷ್ಟು ಉದ್ದವಾಗುತ್ತದೆ, ಉದ್ದದ ಗುಂಡು ನೆಟ್ಟಗೆ ಹಾರಲು ಹೆಚ್ಚು ವೇಗವಾಗಿ ತಿರುಗಬೇಕು. ಒಳಗಿನ ಸುರುಳಿ ಗೀರುಗಳಿಂದ ಗುಂಡನ್ನು 8 ಇಂಚಿಗೆ ಒಂದು ಸುತ್ತು ತಿರುಗಿಸುವ ನಳಿಗೆಗೆ ಇದು ತೊಂದರೆಯಲ್ಲ. 12 ಇಂಚಿಗೆ ಒಂದು ಸುತ್ತಿನ ಹಳೆಯ .223ಕ್ಕೆ, ಅದಕ್ಕಿಂತಲೂ 14 ಇಂಚಿಗೆ ಒಂದು ಸುತ್ತಿನ .222ಕ್ಕೆ, ಉದ್ದನೆಯ ತಾಮ್ರದ ಗುಂಡು ಒಗ್ಗುವುದಿಲ್ಲ. ಗುರಿಯ ಕಾಗದದ ಮೇಲಿನ ತೂತು ದುಂಡಗಿರದೆ ಉದ್ದುದ್ದವಾಗಿ ಕಂಡರೆ ಗುಂಡು ಅಡ್ಡಲಾಗಿ ಹೋಗುತ್ತಿದೆಯೆಂದು ಅರ್ಥ; ಆ ತೋಟಾಗಳನ್ನು ಕಾಡಿಗೆ ಒಯ್ಯಬಾರದು. ಜೊತೆಗೆ ತಾಮ್ರ ಅರಳುವುದಕ್ಕೆ ವೇಗ ಬೇಕು, ಆದ್ದರಿಂದ ದೂರದ ಗುರಿಗೆ ಅದು ಸಲ್ಲದು.

‘ಎಷ್ಟು ಗ್ರೇನ್ ಮದ್ದು ಹಾಕುತ್ತೀರಿ?’ ಎಂದು ಮಾತ್ರ ದಯವಿಟ್ಟು ಕೇಳಬೇಡಿ. ಆ ಅಂಕಿಯನ್ನು ನಾನು ಯಾರಿಗೂ ಕೊಡುವುದಿಲ್ಲ. ನನ್ನ ನಳಿಗೆ, ನನ್ನ ಹಿತ್ತಾಳೆಯ ಕೇಸು, ನನ್ನ ಕೇಪು, ಇವುಗಳಲ್ಲಿ ಒಂದು ಬದಲಾದರೂ ಒಳಗಿನ ಒತ್ತಡ ಬದಲಾಗುತ್ತದೆ. ಮದ್ದು ತಯಾರಿಸಿದವರ ಕೈಪಿಡಿಯಲ್ಲಿ ಆರಂಭದ ಅಳತೆಯಿದೆ. ಅಲ್ಲಿಂದ ಸ್ವಲ್ಪ ಸ್ವಲ್ಪವೇ ಏರಿಸುತ್ತ, ಒತ್ತಡ ಹೆಚ್ಚಿದ ಗುರುತಾಗಿ ಕೇಪು ಚಪ್ಪಟೆಯಾಗಿದೆಯೇ, ಬೋಲ್ಟ್ ಬಿಗಿಯಾಗಿದೆಯೇ ಎಂದು ನೋಡುತ್ತ ಹೋಗುವಷ್ಟು ತಾಳ್ಮೆ ಇಲ್ಲದವರು ಅಂಗಡಿಯ ತೋಟಾ ಕೊಳ್ಳುವುದೇ ಒಳ್ಳೆಯದು. ಅಂಗಡಿಯಲ್ಲೂ ಒಳ್ಳೆಯ ಗುಂಡುಗಳು ಸಿಗುತ್ತವೆ.

ನೀವು ಯಾವಾಗ ಹೊಡೆಯುವುದಿಲ್ಲ ಎಂದು ಇದುವರೆಗೆ ಒಬ್ಬರಾದರೂ ನನ್ನನ್ನು ಕೇಳಿಲ್ಲ. ಕೇಳಿದ್ದರೆ ಗಂಟೆಗಟ್ಟಲೆ ಮಾತನಾಡುತ್ತಿದ್ದೆ. ನೂರೈವತ್ತು ಮೀಟರಿನಾಚೆ ಹೊಡೆಯುವುದಿಲ್ಲ, ಏಕೆಂದರೆ ಹಗುರವಾದ ಗುಂಡನ್ನು ಗಾಳಿ ತಳ್ಳುತ್ತದೆ. ಪ್ರಾಣಿ ನನಗೆ ಎದೆಗೊಟ್ಟೋ ಬೆನ್ನು ತಿರುಗಿಸಿಯೋ ನಿಂತಿದ್ದರೆ ಹೊಡೆಯುವುದಿಲ್ಲ; .308 ಹಿಡಿದವನು ಓರೆಯಾಗಿ ನಿಂತ ಜಿಂಕೆಗೆ ಹೊಡೆದು ಪಾರಾಗಬಹುದು, ನನ್ನ ಗುಂಡಿಗೆ ಅಷ್ಟು ಆಳ ಹೋಗುವ ಬಲವಿಲ್ಲ. ಹಿಂದೆ ಮಣ್ಣಿನ ದಿಬ್ಬವಿಲ್ಲದಿದ್ದರೆ, ಎದೆಗೆ ಅಡ್ಡವಾಗಿ ಒಂದು ಹುಲ್ಲುಕಡ್ಡಿಯಿದ್ದರೂ, ರೈಫಲಿನ ಕುದುರೆಯಿಂದ ಬೆರಳು ತೆಗೆಯುತ್ತೇನೆ. ಸಣ್ಣ ಗುಂಡು ಸಾಕಾಗುವುದು ಈ ನಿಯಮಗಳೊಡನೆಯೇ, ಇವನ್ನು ಪಾಲಿಸಲಾಗದವರಿಗೆ ಅದು ನಿಜಕ್ಕೂ ಸಾಲದು.

ಇನ್ನು, ಇಂಗ್ಲೆಂಡಿನಲ್ಲೂ ಇದನ್ನೇ ಬಳಸಬಹುದೇ ಎಂದು ಕೇಳುವವರಿಗೆ: ಬಳಸುವಂತಿಲ್ಲ. ಅಲ್ಲಿ 1991ರ ಕಾಯ್ದೆ ರೋ ಜಿಂಕೆಗೆ ಕನಿಷ್ಠ .240 ಇಂಚಿನ ರೈಫಲನ್ನೂ 1700 ಅಡಿ-ಪೌಂಡು ಶಕ್ತಿಯನ್ನೂ ಕೇಳುತ್ತದೆ. ಗಡಿಯ ಎರಡೂ ಕಡೆ ಬೇಟೆಯಾಡುವವರು, ಒಂದೇ ರೈಫಲ್ ಕೊಳ್ಳುವಷ್ಟು ಹಣವಿರುವವರು, .243 ಕೊಳ್ಳಿ.