ಗಂಟಲಿಗಿಂತ ಮೊದಲು ಲೆಕ್ಕ

ವೀಕ್ಷಕ ವಿವರಣೆ ಕಲಿಯಬೇಕೆಂದು ಬರುವ ಹುಡುಗರು ಮೊದಲು ತೋರಿಸುವುದು ಗಂಟಲನ್ನು. ಮುಧೋಳ, ಜಮಖಂಡಿ, ಇಂಡಿ ಕಡೆಯವರಿಗೆ ಅದರಲ್ಲಿ ಬಡತನವೇನೂ ಇಲ್ಲ, ಮೈಕ್ ಇಲ್ಲದಿದ್ದರೂ ನಡೆದೀತು. ನಾನು ಮಾತ್ರ ಬೇರೆಯದನ್ನೇ ಕೇಳುತ್ತೇನೆ: ಈಗ ಅಂಕ ಎಷ್ಟು, ಹೊತ್ತು ಎಷ್ಟು ಉಳಿದಿದೆ? ಹೆಚ್ಚಿನವರು ಫಲಕದ ಕಡೆ ಕತ್ತು ತಿರುಗಿಸುತ್ತಾರೆ.

ರೇಡಿಯೊ ಕೇಳುವವರಿಗೆ ತಿರುಗಿ ನೋಡಲು ಫಲಕವಿಲ್ಲ. ಆಟದ ಶುರುವಿನಿಂದ ಅವರು ಕಾದು ಕೂತಿರುವುದೂ ಇಲ್ಲ. ಹೊಲದಿಂದ ಬಂದವರು, ಅಂಗಡಿ ಮುಚ್ಚಿದವರು ನಡುವೆ ಸೇರಿಕೊಳ್ಳುತ್ತಾರೆ. ಅಮೆರಿಕದ ಬೇಸ್‌ಬಾಲ್ ವಿವರಣೆಗಾರ ರೆಡ್ ಬಾರ್ಬರ್ ಎದುರಿಗೆ 3 ನಿಮಿಷದ ಮರಳು ಗಡಿಯಾರ ಇಟ್ಟುಕೊಳ್ಳುತ್ತಿದ್ದರು. ಮರಳು ಸುರಿದು ಮುಗಿದರೆ ಸ್ಕೋರ್ ಹೇಳಲೇಬೇಕು. ಕಬಡ್ಡಿಗೆ ಅಷ್ಟು ಪುರುಸೊತ್ತೂ ಇಲ್ಲ, ಒಂದು ದಾಳಿಗೆ ಸಿಗುವುದೇ 30 ಸೆಕೆಂಡ್.

ನನ್ನ ಮುಂದೆ ಇರುವುದು ಒಂದು ಹಾಳೆ, ಒಂದು ಪೆನ್ಸಿಲ್. ನಡುವೆ ಗೆರೆ, ಆಚೀಚೆ ಏಳೇಳು ಜೆರ್ಸಿ ಸಂಖ್ಯೆ. ಔಟಾದವನ ಸಂಖ್ಯೆಯ ಮೇಲೆ ಗೀಟು ಎಳೆದು, ಔಟಾದ ಸರದಿಯನ್ನೂ ಪಕ್ಕದಲ್ಲಿ ಬರೆಯುತ್ತೇನೆ, ಏಕೆಂದರೆ ಆಟಗಾರರು ಅಂಕಣಕ್ಕೆ ಮರಳುವುದು ಅದೇ ಸರದಿಯಲ್ಲಿ. ಎದುರಾಳಿ ಕಡೆ ಕನಿಷ್ಠ 6 ಮಂದಿ ಇದ್ದರಷ್ಟೇ ಬೋನಸ್ ಅಂಕ. 3 ಅಥವಾ ಅದಕ್ಕಿಂತ ಕಡಿಮೆ ಮಂದಿ ಸೇರಿ ರೈಡರ್‌ನನ್ನು (ದಾಳಿಗೆ ಬಂದವನನ್ನು) ಹಿಡಿದರೆ ಸೂಪರ್ ಟ್ಯಾಕಲ್, ಅಂದರೆ ಹೆಚ್ಚುವರಿ ಅಂಕ. ತಲೆ ಲೆಕ್ಕ ತಪ್ಪಿದ ಮೇಲೆ ಎಷ್ಟು ಉಸಿರುಗಟ್ಟಿ ಕೂಗಿದರೂ ಕೇಳುಗರಿಗೆ ಆಟ ತಿಳಿಯುವುದಿಲ್ಲ.

ನಮ್ಮ ಕಡೆಯ ಇನ್ನೊಂದು ಪೇಚು ಹೆಸರುಗಳದು. ಒಂದೇ ತಂಡದಲ್ಲಿ ಮೂವರು ಪಾಟೀಲರಿದ್ದರೆ "ಪಾಟೀಲ ದಾಳಿಗೆ ಇಳಿದರು" ಎಂದು ಏನು ಉಪಯೋಗ? ಪಂದ್ಯಕ್ಕೆ ಮೊದಲೇ ಆಟಗಾರರ ಬಳಿ ಹೋಗಿ ಯಾರನ್ನು ಏನೆಂದು ಕರೆಯುತ್ತಾರೆ ಎಂದು ಕೇಳಿ ಬರುವುದು ಒಳ್ಳೆಯದು. ವ್ಯವಸ್ಥಾಪಕರು ಕೊಡುವ ಪಟ್ಟಿಯನ್ನು ನಂಬುವ ಕಾಲ ನನ್ನ ಮಟ್ಟಿಗೆ ಮುಗಿದಿದೆ.

ಟಿವಿಯಲ್ಲಿ ಅಂಕ ಪರದೆಯ ಮೇಲೇ ಇರುತ್ತದೆ. ಅಲ್ಲಿ ಕಷ್ಟವೆಂದರೆ ಬಾಯಿ ಮುಚ್ಚುವುದು. ಬೆಳಗಾವಿ ಕಡೆಯ ನಿಕಾಲಿ ಕುಸ್ತಿಯನ್ನೇ ನೋಡಿ. ಅಂಕಗಳಿಲ್ಲ, ಯಾರಾದರೂ ಚಿತ್ ಆಗುವವರೆಗೆ ನಡೆಯುತ್ತದೆ. ಇಬ್ಬರೂ ಪೈಲ್ವಾನರು ಪರಸ್ಪರ ಕೊರಳಿಗೆ ಕೈ ಹಾಕಿ ಬಹಳ ಹೊತ್ತು ನಿಂತುಬಿಡುತ್ತಾರೆ. ರೇಡಿಯೊದಲ್ಲಾದರೆ ಯಾರ ಕೈ ಎಲ್ಲಿದೆ, ಯಾರ ಕಾಲು ಹಿಂದೆ ಸರಿಯಿತು, ಘಿಸ್ಸಾ ಡಾವು (ಕುಸ್ತಿಯ ಒಂದು ಪಟ್ಟು) ಹಾಕಲು ಯಾರು ಹೊಂಚು ಹಾಕಿದ್ದಾರೆ ಎಂದು ಹೇಳುತ್ತಲೇ ಇರಬೇಕು. ಟಿವಿಯಲ್ಲಿ ಹಲಗೆ ವಾದ್ಯದ ಸದ್ದು ಕೇಳಲು ಬಿಡಿ. ಡಾವು ಬಿದ್ದ ಮೇಲೆ, ಅದು ಹೇಗೆ ಬಿತ್ತು ಎಂದು ಎರಡು ಮಾತು ಸಾಕು. (ಸಂಭಾವನೆ ಎರಡಕ್ಕೂ ಪಂದ್ಯವಿದ್ದ ದಿನ ಮಾತ್ರ, ಮನೆಯಲ್ಲಿ ಇದನ್ನು ಮೊದಲೇ ಹೇಳಿ ಬನ್ನಿ.)

ಕಲಿಯುವವರಿಗೆ ನಾನು 2017ರ ಮಹಿಳಾ ಕ್ರಿಕೆಟ್ ವಿಶ್ವಕಪ್‌ನಲ್ಲಿ ಇಂಗ್ಲೆಂಡ್‌ನ ಡರ್ಬಿ ಊರಲ್ಲಿ ನಡೆದ ಭಾರತದ ಪಂದ್ಯವನ್ನು ಧ್ವನಿ ತೆಗೆದು ತೋರಿಸುತ್ತೇನೆ. ವಿಜಯಪುರದ ರಾಜೇಶ್ವರಿ ಗಾಯಕವಾಡ 15 ರನ್‌ಗೆ 5 ವಿಕೆಟ್ ಪಡೆದು, ನ್ಯೂಜಿಲೆಂಡ್ 79ಕ್ಕೆ ಆಲೌಟಾದ ಪಂದ್ಯ. ಮೊದಲು ರೇಡಿಯೊಗೆಂದು ಹೇಳಬೇಕು, ಆಮೇಲೆ ಟಿವಿಗೆಂದು. ಹೆಚ್ಚಿನವರು ಎರಡೂ ಸಲ "ನಮ್ಮ ವಿಜಯಪುರದ ಹೆಮ್ಮೆಯ ಪುತ್ರಿ" ಎಂದೇ ಕೂಗುತ್ತಾರೆ. ಹೆಮ್ಮೆ ನನಗೂ ಇದೆ. ಆದರೆ ಆಕೆ ಎಡಗೈ ಸ್ಪಿನ್ನರ್, ಚೆಂಡು ಯಾವ ಕಡೆ ತಿರುಗಿತು, ಬ್ಯಾಟರ್ ಹೇಗೆ ಔಟಾದರು ಎಂಬುದನ್ನು ಯಾರು ಹೇಳಬೇಕು?